ಇಪ್ಪತ್ತನಾಲ್ಕನೆಯ ಸರ

ದೀಪಣ್ಣನನ್ನು ಕೊಲ್ಲಬೇಕೆಂದು ಮೇಸ್ತ್ರಿ ತೀರ್ಮಾನಿಸಿದ್ದು ದೀಪಣ್ಣ ಅವನಿಗೊಂದು ಉಪಕಾರ ಮಾಡಿದ ದಿನ.

ಲಿಫ್ಟು ಬಿದ್ದು ಅಂದಿಗೆ ಹನ್ನೆರಡು ದಿನವಾಗಿತ್ತು. ನಾಲ್ಕನೆಯ ಮಹಡಿಯಲ್ಲಿ ಇಸ್ತ್ರಿಯವನನ್ನೂ ಅವನ ಬಟ್ಟೆಗಂಟನ್ನೂ ಹತ್ತಿಸಿಕೊಂಡ ಲಿಫ್ಟು ನಡುವೆ ಎಲ್ಲೂ ನಿಲ್ಲದೆ ಗುಂಡಿಯ ತಳಕ್ಕೆ ಅಪ್ಪಳಿಸಿತ್ತು. ಕಬ್ಬಿಣದ ಸರಳಿನಿಂದ ಬಾಗಿಲು ಮೀಟಿ ತೆಗೆದವನು ಮೇಸ್ತ್ರಿಯೇ. ಒಳಗೆ, ಮಡಿಕೆ ಕೆಡದ ಬಿಳಿಯ ಹಾಸಿಗೆ ಬಟ್ಟೆಗಳ ಮೇಲೆ ಇಸ್ತ್ರಿಯವನು ಬಾಯಿ ತೆರೆದುಕೊಂಡು ಸದ್ದಿಲ್ಲದೆ ಕೂಗುತ್ತಿದ್ದ. ಅವನ ಬಲಗಾಲು ಮಂಡಿಯ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು. ಮೂಳೆಯ ಬಿಳುಪು ಬಟ್ಟೆಯ ಬಿಳುಪಿನಂತಲ್ಲ ಎಂದು ಮೇಸ್ತ್ರಿಗೆ ಅವತ್ತು ತಿಳಿಯಿತು. ಆಸ್ಪತ್ರೆಯಲ್ಲಿ ಆ ಕಾಲನ್ನು ತೆಗೆದರು.

ನಾಲ್ಕು ಕಟ್ಟಡ, ನೂರಾ ಹನ್ನೆರಡು ಮನೆ, ನಡುವೆ ಒಂದು ಅಂಗಳ. ಇಷ್ಟರ ಪಂಪು, ಪೈಪು, ಬಣ್ಣ, ಲಿಫ್ಟು ಎಲ್ಲದರ ಉಸ್ತುವಾರಿ ಹದಿನೇಳು ವರ್ಷದಿಂದ ಮೇಸ್ತ್ರಿಯದು. ಪಂಪುಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಅವನ ಸಂಸಾರ. ತಿಂಗಳಿಗೊಮ್ಮೆ ಲಿಫ್ಟಿನ ಯಂತ್ರದ ಕೋಣೆಗೆ ಹತ್ತಿ ಬ್ರೇಕು ನೋಡಿ, ಹಾಳೆಯ ಮೇಲೆ ‘ಸರಿಯಿದೆ’ ಎಂದು ಬರೆದು ಸಹಿ ಹಾಕಬೇಕು. ಆ ಕೋಣೆಗಿದ್ದದ್ದು ನೆಟ್ಟಗಿನ ಕಬ್ಬಿಣದ ಏಣಿ. ಮೇಸ್ತ್ರಿಯ ಎಡ ಮಂಡಿ ಎಂಟು ತಿಂಗಳಿಂದ ಮಾತು ಕೇಳುತ್ತಿರಲಿಲ್ಲ. ಎಂಟು ತಿಂಗಳಿಂದ ಅವನು ಪಂಪುಮನೆಯ ಕುರ್ಚಿಯಲ್ಲಿ ಕೂತೇ ‘ಸರಿಯಿದೆ’ ಎಂದು ಬರೆದಿದ್ದ.

ಇದು ಗೊತ್ತಿದ್ದವನು ಒಬ್ಬನೇ. ಲಿಫ್ಟು ಬಿದ್ದ ದಿನ ಕರೆಂಟು ತೆಗೆಯಲು ಮೇಲೆ ಓಡಿದವನು ದೀಪಣ್ಣ, ಅಲ್ಲಿನ ಎಲೆಕ್ಟ್ರಿಷಿಯನ್. ಮಕ್ಕಳು ಇಟ್ಟ ಹೆಸರು ಅದು. ಅವನ ನಿಜವಾದ ಹೆಸರನ್ನು ಮಕ್ಕಳ ತಾಯಂದಿರೂ ಮರೆತಿದ್ದರು. ಯಂತ್ರದ ಕೋಣೆಯ ಬೀಗ ತಿಂಗಳುಗಟ್ಟಲೆ ಯಾರೂ ತೆಗೆಯದೆ ತುಕ್ಕು ಹಿಡಿದು ಒಂದೇ ಮುದ್ದೆಯಾಗಿತ್ತು. ಕೀಲಿ ತಿರುಗದೆ ಅವನು ಅದನ್ನು ಒಡೆದಿದ್ದ.

ಹನ್ನೆರಡನೆಯ ದಿನ ಆ ಬೀಗವನ್ನು ಕಾಗದದಲ್ಲಿ ಸುತ್ತಿ ತಂದು ಮೇಸ್ತ್ರಿಯ ಕೈಯಲ್ಲಿಟ್ಟ.

“ಇದು ನಿನ್ನ ಹತ್ರಾನೇ ಇರ್ಲಿ ಅಣ್ಣ. ನಾನು ಹೇಳಿದ್ರೆ ಚಾಡಿ ಹೇಳಿದಂಗಾಗುತ್ತೆ. ನೀನೇ ಹೋಗಿ ಹೇಳು.”

“ಯಾರಿಗೋ ಹೇಳ್ಲಿ? ಏನಂತ ಹೇಳ್ಲಿ?”

“ಸಂಘದ ಟೀಚರಮ್ಮಂಗೆ ಹೇಳು. ಬಯ್ತಾರೆ, ಆದ್ರೆ ದಾರೀನೂ ತೋರಿಸ್ತಾರೆ. ಚಳಿಗಾಲದ ದೀಪ ಹಾಕೋ ದಿನದವರೆಗೂ ಟೈಮ್ ತಗೋ. ಅವತ್ತು ಸಂಜೆ ದೀಪ ಹತ್ತಿದ ಮೇಲೆ ನಾನೂ ನಿನ್ನ ಜೊತೆ ಬರ್ತೀನಿ.”

“ನೀನ್ಯಾಕೆ ಬರ್ತೀಯ? ತಮಾಷೆ ನೋಡೋಕಾ?”

“ಒಬ್ಬನೇ ಹೋಗೋಕೆ ಕಾಲು ಏಳಲ್ಲ ಅಣ್ಣ, ಅದಕ್ಕೆ. ಪಕ್ಕದಲ್ಲಿ ನಿಂತಿರ್ತೀನಿ, ಅಷ್ಟೇ.”

ಬೀಗವನ್ನು ಮೇಸ್ತ್ರಿ ಆ ದಿನವೇ ಹಳೆಯ ಕಬ್ಬಿಣದ ರಾಶಿಗೆ ಎಸೆದ. ಆದರೆ ದೀಪಣ್ಣನ ಬಾಯಿ ಉಳಿದಿತ್ತು. ಜೈಲಿನ ಯೋಚನೆ ಮೇಸ್ತ್ರಿಯನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಇಸ್ತ್ರಿಯವನ ಹೆಂಡತಿ. ಗಂಡನನ್ನು ಹೊರಗೆಳೆದವನು ಮೇಸ್ತ್ರಿ ಎಂದು ಅವಳು ಎದುರು ಸಿಕ್ಕಾಗಲೆಲ್ಲ ನಿಂತು, “ನಿಮ್ಮಿಂದ ಅವರ ಜೀವ ಉಳೀತು ಅಣ್ಣ” ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆ ಕಣ್ಣುಗಳು ಒಂದು ದಿನ ನಿಜ ತಿಳಿದು ತನ್ನನ್ನು ನೋಡುವುದನ್ನು ನೆನೆದರೆ ಮೇಸ್ತ್ರಿಯ ಮೈಯೆಲ್ಲ ಬೆವರುತ್ತಿತ್ತು. ಅದಕ್ಕಿಂತ ದೀಪಣ್ಣನ ತಲೆ ಒಡೆಯುವುದು ಸುಲಭ ಎನ್ನಿಸಿತು. ಒಮ್ಮೆ ಹಾಗೆನ್ನಿಸಿದ ಮೇಲೆ ಅವನಿಗೆ ಒಳ್ಳೆಯ ನಿದ್ದೆ ಬರತೊಡಗಿತು.

ಯೋಚನೆಯನ್ನು ಅವನು ಪೈಪು ಕೂಡಿಸಿದ ಹಾಗೆ ಕೂಡಿಸಿದ, ಎಲ್ಲೂ ಸೋರದಂತೆ.

ಪ್ರತಿ ಚಳಿಗಾಲದ ಮೊದಲಲ್ಲಿ ಅಂಗಳದ ಮುಂಭಾಗಕ್ಕೆ ಇಪ್ಪತ್ತನಾಲ್ಕು ದೀಪದ ಸರ ಇಳಿಬಿಡುವುದು ಅಲ್ಲಿನ ರೂಢಿ. ಆರನೆಯ ಮಹಡಿಯ ತಾರಸಿಯಿಂದ ನೆಲದವರೆಗೆ, ಕೆಂಪು, ಹಸಿರು, ಹಳದಿ ಮಿಣುಕುತ್ತ ಇಳಿಯುವ ಸರಗಳು. ಗಾಳಿಗೆ ಹಾರದಂತೆ ಪ್ರತಿಯೊಂದರ ತುದಿಗೂ ಒಂದು ಕಲ್ಲಿನ ತೂಕ. ಈ ಕೆಲಸ ಇಡೀ ದಿನ ಹಿಡಿಯುತ್ತದೆ, ಮಾಡುವವನು ದೀಪಣ್ಣ ಒಬ್ಬನೇ. ಎಡದಿಂದ ಶುರುಮಾಡಿ ಬಲಗಡೆಯ ಮೂಲೆಗೆ ಮುಗಿಸುತ್ತಾನೆ. ಸಂಜೆ ಆರೂವರೆಗೆ ಗಡಿಯಾರ ಕಟ್ಟಿದ ಸ್ವಿಚ್ಚು ತಾನಾಗಿ ಎಲ್ಲವನ್ನೂ ಹಚ್ಚುತ್ತದೆ.

ಮಧ್ಯಾಹ್ನ ಊಟವಾದ ಮೇಲೆ ಅಂಗಳದಲ್ಲಿ ನರಪಿಳ್ಳೆ ಇರುವುದಿಲ್ಲ. ಆಗ ದೀಪಣ್ಣ ಸಾಯಬೇಕು. ಆದರೆ ಅವನು ಸಂಜೆ ಐದರವರೆಗೂ ಬದುಕಿದ್ದನೆಂದು ಊರಿಗೆಲ್ಲ ಕಾಣಬೇಕು. ಮೇಸ್ತ್ರಿ ಮಾತ್ರ ಮೂರೂವರೆಯಿಂದ ಅಂಗಳದಲ್ಲಿ ಎಲ್ಲರ ಕಣ್ಣೆದುರೇ ಇರಬೇಕು. ಅದಕ್ಕೆ ಉಳಿದ ಸರಗಳನ್ನು ಮೇಸ್ತ್ರಿ ತಾನೇ ಕಟ್ಟುತ್ತಾನೆ. ಕೊನೆಯದನ್ನು, ಇಪ್ಪತ್ತನಾಲ್ಕನೆಯದನ್ನು, ತಾರಸಿಯ ಮೋಟುಗೋಡೆಯ ಮೇಲೆ ಸುರುಳಿ ಸುತ್ತಿ, ಒಂದು ಜಾರುಗಂಟಿನಿಂದ ನಿಲ್ಲಿಸಿ, ಗಂಟಿನ ನೈಲಾನ್ ನೂಲನ್ನು ಮಳೆನೀರಿನ ಪೈಪಿನ ಮರೆಯಲ್ಲಿ ನೆಲದವರೆಗೆ ಬಿಡುತ್ತಾನೆ. ಐದರ ಹೊತ್ತಿಗೆ ಕೆಳಗಿನಿಂದ ಎಳೆದರೆ ಸರ ತಾನಾಗಿ ಬಿಚ್ಚಿಕೊಂಡು ಇಳಿಯುತ್ತದೆ. ಆ ಬಲಮೂಲೆ ಸ್ವಲ್ಪ ಒಳಕ್ಕೆ ಸರಿದಿತ್ತು, ಪೈಪೂ ಅಲ್ಲೇ ಇತ್ತು, ಕೆಳಗೆ ಗಿಡಗಳಿಗೆ ನೀರು ಬಿಡುವ ನಲ್ಲಿ. ನಲ್ಲಿಯ ಬಳಿ ಮೇಸ್ತ್ರಿ ನಿಂತರೆ ಯಾಕೆ ನಿಂತೆ ಎಂದು ಯಾರೂ ಕೇಳುವಂತಿಲ್ಲ.

ದೀಪಣ್ಣ ಎಡಚ. ಸರ ಕಟ್ಟುವ ಟೇಪನ್ನು ಎಡಕ್ಕೆ ತಿರುಗಿಸಿ ಸುತ್ತುತ್ತಾನೆ, ಮೂರು ಬೆರಳಿನ ಅಂತರ ಬಿಟ್ಟು ಇನ್ನೊಂದು ಸುತ್ತು. ಮೇಸ್ತ್ರಿ ಒಂದು ವಾರ ಪಂಪುಮನೆಯ ಬಾಗಿಲು ಹಾಕಿಕೊಂಡು ಎಡಗೈಯಲ್ಲಿ ಟೇಪು ಸುತ್ತುವುದನ್ನು ಕಲಿತ. ದೀಪಣ್ಣನ ಕೆಲಸವನ್ನು ದೀಪಣ್ಣನಿಗಿಂತ ಚೆನ್ನಾಗಿ ಬಲ್ಲೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯೂ ಆಯಿತು. ನೀರಿನ ಟ್ಯಾಂಕು ತೊಳೆಯುವ ಸರದಿಯನ್ನು ಅದೇ ದಿನಕ್ಕೆ ಹಾಕಿಕೊಂಡ. ಟ್ಯಾಂಕು ತೊಳೆದ ದಿನ ತಾರಸಿ ಒದ್ದೆಯಾಗಿರುವುದು ಸಹಜ.

ಆ ದಿನ ಬೆಳಿಗ್ಗೆ ಅವನ ಹೆಂಡತಿ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದು ಬುತ್ತಿ ಕೊಟ್ಟಳು.

“ಕೆಳಗಿನ ಡಬ್ಬಿ ಮೈದುನಂಗೆ. ಮೆತ್ತಗೆ ಬೇಯಿಸಿದೀನಿ, ಪಾಪ, ಅವನ ಹಲ್ಲುನೋವು ಹೋಗಿಲ್ವಂತೆ. ನೀವು ಕೈ ಹಾಕ್ಬೇಡಿ ಅದಕ್ಕೆ.”

“ಯಾವ ಸಂಬಂಧದಿಂದ ಮೈದುನ ಆದ ಅವನು?”

“ನಿಮ್ಮನ್ನ ಅಣ್ಣ ಅಂತಾನಲ್ಲ. ಅಷ್ಟು ಸಾಲ್ದಾ?” ಎಂದು ನಕ್ಕು ಅವಳು ಮತ್ತೆ ಹೊಲಿಯಲು ಕೂತಳು.

ಎರಡು ಗಂಟೆಗೆ ಇಬ್ಬರೂ ತಾರಸಿಯ ಮೇಲೆ ಊಟ ಮಾಡಿದರು. ಚಳಿಗಾಳಿ ಬೀಸುತ್ತಿತ್ತು. ದೀಪಣ್ಣ ತಾನು ಟ್ಯಾಂಕಿನ ನೆರಳಿಗೆ ಸರಿದು, “ನೀನು ಬಿಸಿಲಲ್ಲಿ ಕೂತ್ಕೋ ಅಣ್ಣ, ಮಂಡಿಗೆ ಹಿತವಾಗುತ್ತೆ” ಎಂದ. ಬೆಳಿಗ್ಗೆ ಮೇಸ್ತ್ರಿಯ ಹತ್ಯಾರದ ಪೆಟ್ಟಿಗೆಯನ್ನು ಆರು ಮಹಡಿ ಹೊತ್ತು ತಂದವನೂ ಅವನೇ. ಅದರೊಳಗೆ ಪೈಪು ತಿರುಗಿಸುವ ದೊಡ್ಡ ಕಬ್ಬಿಣದ ಪಾನಾ ಇತ್ತು. ತನ್ನ ಸಾವನ್ನು ತಾನೇ ಹೊತ್ತು ತಂದ ಎಂದು ಮೇಸ್ತ್ರಿಗೆ ನಗು ಬರುವ ಹಾಗಾಯಿತು.

ಊಟವಾದ ಮೇಲೆ ದೀಪಣ್ಣ ಟಾರ್ಪಾಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕೆಟ್ಟ ಬಲ್ಬುಗಳನ್ನು ಬೇರೆ ಮಾಡತೊಡಗಿದ.

“ಸಂಜೆ ಏನು ಹೇಳ್ಬೇಕು ಅಂತ ಯೋಚನೆ ಮಾಡ್ಕೊಂಡ್ಯಾ ಅಣ್ಣ?” ಎಂದು ತಿರುಗದೆಯೇ ಕೇಳಿದ.

“ಮಾಡ್ಕೊಂಡೆ.”

“ಹೆದರ್ಬೇಡ. ನಿನ್ನೆ ಆಸ್ಪತ್ರೇಲಿ ಇಸ್ತ್ರಿಯವನ್ನ ನೋಡ್ಕೊಂಡು ಬಂದೆ. ಅವನು ಯಾರ ಮೇಲೂ...”

ಪಾನಾ ಅವನ ಕಿವಿಯ ಹಿಂದೆ ಬಿತ್ತು. ಗಿಡದ ಕುಂಡವನ್ನು ನೆಲಕ್ಕೆ ತುಸು ಜೋರಾಗಿ ಇಟ್ಟರೆ ಬರುವಂಥ ಸದ್ದು, ಅಷ್ಟೇ. ದೀಪಣ್ಣ ಮುಂದಕ್ಕೆ ಬಾಗಿ ಅಂಗೈ ಊರಿದ. ಒಂದೇ ಏಟಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಅವನು ನಿಧಾನವಾಗಿ ತಲೆ ತಿರುಗಿಸಿ ನೋಡಿದ. ಒಂದು ಕಣ್ಣಿನೊಳಗೆ ಆಗಲೇ ರಕ್ತ ಇಳಿದಿತ್ತು.

“ಅಣ್ಣಾ... ಹುಷಾರು. ಮೇಲಿಂದ ಏನೋ ಬಿತ್ತು” ಎಂದ. ಎಡಗೈ ಚಾಚಿ ಮೇಸ್ತ್ರಿಯ ನೋವಿನ ಮಂಡಿಯನ್ನು ಹಿಂದಕ್ಕೆ ದೂಡಿದ, ಅವನಿಗೂ ಪೆಟ್ಟಾಗದಿರಲಿ ಎಂದು.

ಎರಡನೆಯ ಏಟು ಹಣೆಗೆ ಬಿತ್ತು, ಮೂರನೆಯದು ಅದೇ ಜಾಗಕ್ಕೆ. ತಲೆಬುರುಡೆ ಒಳಕ್ಕೆ ಕುಸಿದದ್ದು ಪಾನಾದ ಹಿಡಿಯ ಮೂಲಕ ಮೇಸ್ತ್ರಿಯ ಮಣಿಕಟ್ಟಿಗೆ ತಿಳಿಯಿತು. ನಾಲ್ಕನೆಯದು ಬೇಕಿರಲಿಲ್ಲ. ‘ಹುಷಾರು’ ಎಂದದ್ದಕ್ಕೆ ಸಿಟ್ಟು ಬಂದು ಹೊಡೆದದ್ದು ಅದು. ದೀಪಣ್ಣನ ಹಿಮ್ಮಡಿಗಳು ಟಾರ್ಪಾಲನ್ನು ಸ್ವಲ್ಪ ಹೊತ್ತು ಬಡಿದು, ಆಮೇಲೆ ಸುಮ್ಮನಾದವು. ಹಸಿರು ಬಲ್ಬೊಂದು ಉರುಳಿ ರಕ್ತದಲ್ಲಿ ನಿಂತಿತು.

ಮೇಸ್ತ್ರಿ ಅವನನ್ನು ಟಾರ್ಪಾಲಿನ ಸಮೇತ ತಾರಸಿಯ ಹಿಂಬದಿಗೆ ಎಳೆದ. ಅಲ್ಲಿ ಕೆಳಗೆ, ಕಟ್ಟಡಕ್ಕೂ ಕಾಂಪೌಂಡಿಗೂ ನಡುವೆ, ಒಡೆದ ಸಿಮೆಂಟು ತೊಟ್ಟಿಗಳ ರಾಶಿ. ಕಸದವರು ಸಂಜೆ ಆರಕ್ಕೆ ಬರುವವರೆಗೆ ಅತ್ತ ಯಾರೂ ಸುಳಿಯುವುದಿಲ್ಲ. ಕಂಕುಳಿಗೆ ಕೈ ಕೊಟ್ಟು ಎತ್ತಿ, ಮೋಟುಗೋಡೆಯ ಮೇಲೆ ಮಲಗಿಸಿ, ಉರುಳಿಸಿದ. ಆರು ಮಹಡಿ. ಒದ್ದೆಯಾದ ದಪ್ಪ ಸದ್ದೊಂದು ಬಂತು, ಅದರ ಹಿಂದೆಯೇ ಸಿಮೆಂಟಿನ ಚೂರುಗಳು ಜರಿದ ಸದ್ದು. ತೊಟ್ಟಿಗಳ ಅಂಚುಗಳ ಮೇಲೆ ಅಷ್ಟು ಎತ್ತರದಿಂದ ಬಿದ್ದ ತಲೆಯಲ್ಲಿ ಪಾನಾದ ಗುರುತನ್ನು ಹುಡುಕುವವರಾರು?

ಟ್ಯಾಂಕಿನ ಕವಾಟ ತೆರೆದು ತಾರಸಿ, ಟಾರ್ಪಾಲು, ಪಾನಾ, ತನ್ನ ಮೊಣಕೈ ಎಲ್ಲ ತೊಳೆದ. ನೀರು ಮೊದಲು ಕೆಂಪಾಗಿ, ಆಮೇಲೆ ನಸುಗೆಂಪಾಗಿ, ಕೊನೆಗೆ ನೀರಿನ ಬಣ್ಣಕ್ಕೆ ಬಂತು. ಉಳಿದಿದ್ದ ಇಪ್ಪತ್ತೆರಡನೆಯ, ಇಪ್ಪತ್ತಮೂರನೆಯ ಸರ ಇಳಿಬಿಟ್ಟು ಎಡಗೈಯಲ್ಲಿ ಟೇಪು ಸುತ್ತಿದ. ದೀಪದ ಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ಇನ್ನೊಂದು ಸರ ತೆಗೆದು ಸುರುಳಿ ಮಾಡಿ ಮೂಲೆಯಲ್ಲಿ ಕೂರಿಸಿ, ಪ್ಲಗ್ಗು ಚುಚ್ಚಿ, ನೂಲು ಇಳಿಬಿಟ್ಟ. ಮೂರೂವರೆಗೆ ಅಂಗಳದಲ್ಲಿದ್ದ. ಬಟ್ಟೆ ಒದ್ದೆಯಾಗಿತ್ತು, ಟ್ಯಾಂಕು ತೊಳೆದವನ ಬಟ್ಟೆ ಇನ್ನು ಹೇಗಿರಬೇಕು!

ಅಂಗಳದಲ್ಲಿ ನಿವಾಸಿಗಳ ಸಂಘದ ಕಾರ್ಯದರ್ಶಿ ಟೀಚರಮ್ಮ ಹತ್ತು ಹೆಂಗಸರನ್ನು ಕಟ್ಟಿಕೊಂಡು ಕುರ್ಚಿ ಜೋಡಿಸುತ್ತಿದ್ದರು. ನಿವೃತ್ತಿಯಾಗಿ ಒಂಬತ್ತು ವರ್ಷವಾಗಿದ್ದರೂ ಅವರ ದನಿಗೆ ಇನ್ನೂ ನಿವೃತ್ತಿಯಾಗಿರಲಿಲ್ಲ.

“ಏನಯ್ಯಾ ಮೇಸ್ತ್ರಿ, ನಡುಗ್ತಿದೀಯ? ಯಾರಾದ್ರೂ ಒಂದು ಶಾಲು ಕೊಡ್ರೇ ಇವನಿಗೆ. ಟ್ಯಾಂಕು ತೊಳೆಯೋಕೆ ಹೋದವನು ತಾನೇ ತೊಳ್ಕೊಂಡು ಬಂದಿದಾನೆ!”

ಯಾರೋ ತಮ್ಮ ಶಾಲನ್ನೇ ತೆಗೆದು ಹೊದಿಸಿದರು. ಮತ್ತೊಬ್ಬರು ಬಿಸಿ ಚಹಾ ಕೈಗಿತ್ತರು. ಮೇಸ್ತ್ರಿ ಎರಡನ್ನೂ ತೆಗೆದುಕೊಂಡ.

ಐದು ದಾಟಿ ಹತ್ತು ನಿಮಿಷಕ್ಕೆ ಅವನು ನಲ್ಲಿಯ ಬಳಿ ನಿಂತು ತಲೆಯೆತ್ತಿ, ಇಳಿಬಿಸಿಲಿಗೆ ಕಣ್ಣಿಗೆ ಕೈ ಅಡ್ಡ ಹಿಡಿದು ಕೂಗಿದ. “ದೀಪಣ್ಣಾ, ಸ್ವಲ್ಪ ಎಡಕ್ಕೆ! ಹಾಂ, ಅಲ್ಲೇ. ಬಿಡು!” ಶಾಲಿನ ಒಳಗಿದ್ದ ಕೈ ನೂಲನ್ನು ಎಳೆಯಿತು. ಮೇಲಿನ ಸುರುಳಿ ಒಮ್ಮೆ ಅಲುಗಿ, ಸರಸರನೆ ಬಿಚ್ಚಿಕೊಂಡು, ಆರು ಮಹಡಿ ಇಳಿದು ನೆಲದ ಮೇಲೆ ಒಂದು ಗೇಣಿಗೆ ನಿಂತಿತು. ಹೆಂಗಸರು ಚಪ್ಪಾಳೆ ತಟ್ಟಿದರು. “ಸಾಕು, ಇಳಿಯೋ!” ಎಂದು ಮೇಸ್ತ್ರಿ ಮೇಲೆ ನೋಡಿ ಕೈ ಬೀಸಿದ. ಟೀಚರಮ್ಮನೂ ಕೈ ಬೀಸಿದರು. ಬಿಸಿಲು ಅವರ ಕಣ್ಣಿಗೂ ನೇರವಾಗಿತ್ತು.

ನೂಲು ತೋಟದ ಒಣಎಲೆಯ ಬೆಂಕಿಯಲ್ಲಿ ಒಂದು ಚಿಟಿಕೆ ವಾಸನೆಯಾಗಿ ಹೋಯಿತು.

ಆರಕ್ಕೆ ಕಸದವಳ ಕಿರುಚಾಟ ಹಿಂಬದಿಯಿಂದ ಕೇಳಿಸಿತು. ಎಲ್ಲರಿಗಿಂತ ಮೊದಲು ಓಡಿದವನು ಮೇಸ್ತ್ರಿ. ಮುರಿದ ತೊಟ್ಟಿಯ ಮೇಲೆ ದೀಪಣ್ಣ ಬೆನ್ನು ಮುರಿದುಕೊಂಡು ಬಿದ್ದಿದ್ದ. ಮುಖವೆಂಬುದು ಅರ್ಧ ಮಾತ್ರ ಉಳಿದಿತ್ತು. ಮೇಸ್ತ್ರಿ ಅಲ್ಲೇ ಕುಸಿದು, ಎದೆ ಬಡಿದುಕೊಂಡು ಅತ್ತ. ಅಳು ಇಷ್ಟು ಸರಾಗವಾಗಿ ಬಂದದ್ದು ಅವನಿಗೇ ಸೋಜಿಗವಾಯಿತು. ಹೆಂಡತಿ ಓಡಿ ಬಂದು, ನೋಡಿ, ತಾನು ಹೊಲಿಯುತ್ತಿದ್ದ ಹೊಸ ಪರದೆ ಬಟ್ಟೆಯನ್ನೇ ತಂದು ಮೈದುನನ ಮೇಲೆ ಹೊದಿಸಿದಳು.

ಠಾಣೆ ಎರಡು ಬೀದಿ ಆಚೆ. ಇನ್ಸ್‌ಪೆಕ್ಟರಮ್ಮ ನೆಗಡಿಯ ಮೂಗನ್ನು ಒರೆಸಿಕೊಳ್ಳುತ್ತ ಬಂದರು. ಮೇಸ್ತ್ರಿಯನ್ನು ಅಂಗಳದ ಕುರ್ಚಿಯಲ್ಲಿ ಕೂರಿಸಿ, ಮೊದಲು ನೀರು ಕುಡಿಸಿ, ಆಮೇಲೆ ಕೇಳಿದರು.

“ಕೊನೇದಾಗಿ ಯಾವಾಗ ನೋಡಿದ್ರಿ?”

“ಐದು ಹತ್ತಕ್ಕೆ ಮೇಡಂ. ಕೊನೇ ಸರಾನ ನನ್ನ ಕಣ್ಣೆದುರೇ ಬಿಟ್ಟ. ‘ಸಾಕಾ ಅಣ್ಣ?’ ಅಂತ ಕೇಳ್ದ. ‘ಸಾಕು, ಇಳಿಯೋ’ ಅಂದೆ. ಹಿಂದಿನ ಕಡೆ ವೈರು ನೋಡೋಕೆ ಹೋಗಿ ಕಾಲು ಜಾರಿದನೋ ಏನೋ... ತಾರಸಿ ಒದ್ದೆ ಮಾಡಿಟ್ಟಿದ್ದೆ ನಾನೇ, ಪಾಪಿ.”

“ಮೇಲೆ ಬೇರೆ ಯಾರಾದ್ರೂ ಹೋಗಿರ್ಬಹುದಾ?”

“ಇಲ್ಲ ಮೇಡಂ. ಕೀಲಿ ಇರೋದು ನಮ್ಮಿಬ್ಬರ ಹತ್ರಾನೇ. ಮೂರೂವರೆಗೆ ನಾನು ಇಳಿದು ಬಂದೆ. ಆಮೇಲೆ ಅವನೊಬ್ಬನೇ.”

“ಹೌದು, ಹೌದು,” ಎಂದರು ಟೀಚರಮ್ಮ ಕಣ್ಣೊರೆಸಿಕೊಳ್ಳುತ್ತ. “ನಾವೆಲ್ಲ ನೋಡಿದ್ವಲ್ಲ. ಅವನ ದನೀನೂ ಕೇಳಿಸ್ತು ನಂಗೆ.”

ಮೇಸ್ತ್ರಿ ತಲೆ ತಗ್ಗಿಸಿದ. ಇಷ್ಟನ್ನು ಅವನೂ ನಿರೀಕ್ಷಿಸಿರಲಿಲ್ಲ. ಇನ್ಸ್‌ಪೆಕ್ಟರಮ್ಮ ಬರೆದುಕೊಂಡು, ಓದಿ ಹೇಳಿ, ಅವನ ಸಹಿ ಪಡೆದರು.

ಆರೂವರೆಗೆ ಸ್ವಿಚ್ಚು ತನ್ನ ಪಾಡಿಗೆ ತಾನು ಹತ್ತಿತು. ಯಾರಿಗೂ ಅದರ ನೆನಪಿರಲಿಲ್ಲ. ಇಡೀ ಮುಂಭಾಗ ಕೆಂಪು, ಹಸಿರು, ಹಳದಿಯಾಗಿ ಮಿಣುಕತೊಡಗಿತು, ಕೆಳಗೆ ನಿಂತವರ ಮುಖಗಳೂ ಅದರ ಜೊತೆ ಬಣ್ಣ ಬದಲಿಸಿದವು. ಮರುಗಳಿಗೆ ಬಲಮೂಲೆಯ ಮೂರನೆಯ ಮಹಡಿಯಿಂದ ಹೆಂಗಸೊಬ್ಬಳು ಚೀರಿದಳು. “ಆರ್ಸಿ! ಅದನ್ನ ಆರ್ಸೀ! ನನ್ನ ಮಗಳು!” ವಾಚ್‌ಮನ್ ಓಡಿಹೋಗಿ ದೊಡ್ಡ ಸ್ವಿಚ್ಚು ತೆಗೆದ. ಮೇಲೆ ಏನೋ ದಡದಡ ಬಡಿಯುತ್ತಿದ್ದದ್ದು ತೆರೆದ ಕಿಟಕಿಯಿಂದ ಕೇಳುತ್ತಲೇ ಇತ್ತು, ಸ್ವಲ್ಪ ಸ್ವಲ್ಪವೇ ಕಡಿಮೆಯಾಯಿತು. ಟೀಚರಮ್ಮ ಇಬ್ಬರನ್ನು ಅತ್ತ ಓಡಿಸಿದರು. ಇದು ಬೇರೆಯವರ ಮನೆಯ ಸಂಕಟ ಎಂದುಕೊಂಡು ಮೇಸ್ತ್ರಿ ಶಾಲನ್ನು ಬಿಗಿಯಾಗಿ ಎಳೆದುಕೊಂಡ.

ಕಾಲು ಗಂಟೆಯಾದ ಮೇಲೆ, ಮಗಳನ್ನು ಅಜ್ಜಿಯ ಮಡಿಲಲ್ಲಿ ಮಲಗಿಸಿ, ಆ ಹೆಂಗಸು ಕೂದಲು ಕೆದರಿಕೊಂಡು ಅಂಗಳಕ್ಕೆ ಇಳಿದು ಬಂದಳು. ಕೈಯಲ್ಲಿ ನೀಟಾಗಿ ಸುತ್ತಿದ ಒಂದು ದೀಪದ ಸರವಿತ್ತು. “ದೀಪಣ್ಣ ಎಲ್ಲಿ? ಯಾಕೆ ಹಿಂಗೆ ಮಾಡ್ದ ಅವನು?” ಎಂದು ಕೂಗಿದವಳು, ಎಲ್ಲರ ಮುಖ ನೋಡಿ, ಯಾರೋ ಮೆಲ್ಲಗೆ ಹೇಳಿದ್ದು ಕೇಳಿ, ಕುರ್ಚಿಯ ಬೆನ್ನು ಹಿಡಿದು ನಿಂತಳು. ಹಾಗೆಯೇ ಯಾರಿಗೆಂದಿಲ್ಲದೆ ಹೇಳಿದಳು. “ಮಿಣುಕೋ ದೀಪ ಕಂಡ್ರೆ ನನ್ನ ಮಗಳಿಗೆ ಫಿಟ್ಸ್ ಬರುತ್ತೆ. ನಾಲ್ಕು ಜನಕ್ಕೆ ಗೊತ್ತಾದ್ರೆ ಮಗು ನೊಂದ್ಕೊಳ್ಳುತ್ತೆ ಅಂತ ದೀಪಣ್ಣ ಯಾರಿಗೂ ಹೇಳ್ಲಿಲ್ಲ. ನಮ್ಮ ಕಿಟಕಿಗೆ ಕಾಣೋದು ಈ ಮೂಲೆಯ ಸರ ಒಂದೇ, ಅದಕ್ಕೆ ಅಂತ ಮಿಣುಕದೆ ಉರಿಯೋ ಸರ ಅವನೇ ಮಾಡಿಕೊಟ್ಟ. ಅದು ನಮ್ಮ ಮನೇಲೇ ಇರುತ್ತೆ. ಹನ್ನೊಂದು ವರ್ಷದಿಂದ ಕೊನೇಲಿ ಬಂದು, ನನ್ನ ಕೈಯಿಂದ ಇದನ್ನ ಇಸ್ಕೊಂಡು ಹೋಗೇ ಕಟ್ತಾನೆ. ಇವತ್ತೂ ಊಟ ಮಾಡಿ ಬರ್ತೀನಿ ಅಕ್ಕ ಅಂದಿದ್ದ. ಬಾಗಿಲು ತೆಗೆದಿಟ್ಕೊಂಡು ಕಾಯ್ತಾ ಕೂತಿದ್ದೆ, ಬರ್ಲೇ ಇಲ್ಲ.” ಹನ್ನೊಂದು ಚಳಿಗಾಲ ಆ ಮೂಲೆಯ ದೀಪ ಮಾತ್ರ ಮಿಣುಕದೆ ಉರಿದದ್ದನ್ನು ಮೇಸ್ತ್ರಿ ಕಂಡಿದ್ದ, ಕೆಟ್ಟಿರಬೇಕು ಎಂದುಕೊಂಡು ಸುಮ್ಮನಾಗಿದ್ದ. ಇನ್ಸ್‌ಪೆಕ್ಟರಮ್ಮ ಆಕೆಯ ಕೈಯಲ್ಲಿದ್ದ ಸರವನ್ನು ನೋಡಿದರು, ಮೂಲೆಯಲ್ಲಿ ಗಾಳಿಗೆ ತೂಗುತ್ತಿದ್ದ ಸರವನ್ನು ನೋಡಿದರು, ಆಮೇಲೆ ಮೇಸ್ತ್ರಿ ಸಹಿ ಹಾಕಿದ ಹಾಳೆಯನ್ನು ತೆರೆದು ಮೃದುವಾಗಿ ಕೇಳಿದರು: “ಹಾಗಾದ್ರೆ ಐದು ಹತ್ತಕ್ಕೆ ಆ ಸರ ಬಿಟ್ಟೋರು ಯಾರು?”